ತಿರುಗಿಸಿ ನೋಡದ ಹಲಗೆ

ಮಂಗಳವಾರ, ಮಾರ್ಚ್ ೧೧
ಬೆಳಗಿನ ಹತ್ತು ಗಂಟೆ

ನನ್ನ ಮುದ್ದು ಚಿನಕುರಳಿಗೆ, ಗರಗಸ ಕೆಳಗಿಟ್ಟು ಓದು ಎಂದು ಮೊದಲು ಗದರಿಸಿ, ಆಮೇಲೆ ನಿನ್ನ ಮಾವ ಮಾಡುವ ಆಶೀರ್ವಾದಗಳು.

ಈ ಕಾಗದವನ್ನು ಲಕೋಟೆಗೆ ಹಾಕದೆ ಹಲಗೆಗೇ ಸುತ್ತಿ, ಮೇಲೆ ನಾಲ್ಕು ಸುತ್ತು ಹುರಿ ಬಿಗಿದು ಕಳಿಸುತ್ತಿರುವುದಕ್ಕೆ ಕಾರಣವಿದೆ. ಇದನ್ನು ಬಿಚ್ಚದೆ ನೀನು ಮರಕ್ಕೆ ಗರಗಸ ಮುಟ್ಟಿಸಲಾಗಬಾರದು. ನಿನ್ನ ಆತುರ ನನಗೆ ಗೊತ್ತು, ತೊಟ್ಟಿಲಿನಿಂದಲೇ ಹಾರಿದವಳು ನೀನು. ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ನಡುವೆ ಪ್ರಶ್ನೆ ಹಾಕುತ್ತೀಯ. ಕಾಗದ ಪ್ರಶ್ನೆ ಕೇಳುವುದಿಲ್ಲ.

ಗುರುವಾರ ಆ ಬೇಸ್ ಗಿಟಾರ್ ನುಡಿಸುವವರು ನಿನ್ನ ಕಾರ್ಖಾನೆಗೆ ಬಂದು, ತಮ್ಮ ಗಿಟಾರಿನ ಮೈಯಾಗಬೇಕಾದ ಹಲಗೆ ಎರಡಾಗಿ ಸೀಳಿ ಪುಸ್ತಕದಂತೆ ತೆರೆದುಕೊಳ್ಳುವುದನ್ನು ಕಣ್ಣಾರೆ ನೋಡುತ್ತಾರೆ. ಒಳಗಿನ ಚಿತ್ತಾರ ಹಿಡಿಸಿದರೆ ಆರ್ಡರು ನಿನ್ನದು. ಹಿಡಿಸದಿದ್ದರೆ ಅವರೂ ಹೋಗುತ್ತಾರೆ, ಅವರ ತಂಡದ ಇಬ್ಬರು ಗಿಟಾರಿನವರೂ ಹಿಂದೆಯೇ ಹೋಗುತ್ತಾರೆ. ಇದನ್ನು ನೀನು ಹನ್ನೆರಡು ಸಲ ಹೇಳಿದ್ದೀಯ. ಹನ್ನೆರಡು ಸಲವೂ ನಾನು "ಮಾವ ಇದ್ದಾನೆ ಬಿಡೇ" ಅಂದಿದ್ದೇನೆ. ಮಾವ ಈಗಲೂ ಇದ್ದಾನೆ. ಎದೆಯೊಳಗೆ ಮಾತ್ರ ಯಾರೋ ಹಿಟ್ಟಿನ ಗಿರಣಿ ಓಡಿಸುತ್ತಿದ್ದಾರೆ.

ಅಕ್ಷರ ಸೊಟ್ಟಗಿದೆಯೆಂದು ಹುಬ್ಬೇರಿಸಬೇಡ. ಪೆನ್ನು ಹೊಸದು, ಮೇಜು ಕುಂಟುತ್ತದೆ. ನಾನು ಓದಿದ್ದು ಊರ ಶಾಲೆಯ ಏಳನೇ ಕ್ಲಾಸಿನವರೆಗೆ ಮಾತ್ರ, ಆದರೂ ನನ್ನ ಕಾಪಿ ಪುಸ್ತಕದ ಹಾಳೆಯನ್ನು ಮೇಷ್ಟ್ರು ಗೋಡೆಗೆ ಅಂಟಿಸಿ, ಇನ್ಸ್‌ಪೆಕ್ಟರು ಬಂದಾಗ ಅದನ್ನೇ ತೋರಿಸಿದ್ದರು. ನಿನ್ನ ಅಮ್ಮನನ್ನು ಕೇಳು. ಹೊಟ್ಟೆಕಿಚ್ಚಿಗೆ ಇಲ್ಲ ಅನ್ನುತ್ತಾಳೆ, ಆದರೂ ಕೇಳು.

ಶನಿವಾರ ಮರದ ಗೋದಾಮಿಗೆ ಹೋದೆ. ಸೂರಿನವರೆಗೂ ನಿಲ್ಲಿಸಿದ ಹಲಗೆಗಳು. ಒಂದೊಂದರ ತುದಿಗೂ ಮೇಣ ಬಳಿದು ನೀಲಿ ಬಣ್ಣದಲ್ಲಿ ನಂಬರು. ಕಾಲಿಟ್ಟರೆ ಹೊಟ್ಟು ಚಪ್ಪಲಿಯೊಳಗೆ ನುಗ್ಗುತ್ತದೆ. ಗೋದಾಮಿನ ಯಜಮಾನ್ತಿ ನನ್ನ ವಯಸ್ಸಿನವಳೇ, ಕಿವಿಯ ಮೇಲೊಂದು ಪೆನ್ಸಿಲು, ಕಣ್ಣಿನಲ್ಲೊಂದು ತಕ್ಕಡಿ. ನೀನು ಫೋನಿನಲ್ಲಿ ಹೇಳಿ ತೆಗೆದಿರಿಸಿದ್ದ ಹದಿನೇಳನೇ ನಂಬರಿನ ಮೇಪಲ್ ಹಲಗೆಯನ್ನು ತೋರಿಸಿದಳು.

ನಿನ್ನ ಪಾಠ ನನಗೆ ಬಾಯಿಪಾಠವಾಗಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿ ಚಿತ್ತಾರದ ಅಲೆಗಳನ್ನು ನೋಡು. ತಿರುಗಿಸಿ ಹಿಂಬದಿ ನೋಡು. ತುದಿಯ ಮೇಣ ಕೆರೆದು, ಅಲೆ ದಪ್ಪಕ್ಕೂ ಇಳಿದಿದೆಯೇ ನೋಡು. ತೇವ ಅಳೆಯುವ ಯಂತ್ರದ ಮುಳ್ಳು ಚುಚ್ಚಿ ಅಂಕಿ ಓದು. ಮತ್ತೆ, ಬಾಯಿ ಮುಚ್ಚಿಕೊಂಡಿರು. ಈ ಕೊನೆಯದು ಮೊದಲ ನಿಮಿಷದಲ್ಲೇ ಕೈತಪ್ಪಿತು. ಯಂತ್ರಗಿಂತ್ರ ನಮಗೆ ಬೇಡ, ಮರ ತಟ್ಟಿದರೆ ಸಾಕು, ಅದರ ಜಾತಕ ಹೇಳಿಬಿಡುತ್ತೇನೆ ಎಂದೆ. ಅವಳು ಕೈ ಜೋಡಿಸಿಬಿಟ್ಟಳು.

"ಅಯ್ಯೋ ಯಜಮಾನ್ರೇ, ನಿಮ್ಮಂಥವ್ರು ಈಗೆಲ್ಲಿದ್ದಾರೆ! ಬರೋರೆಲ್ಲ ಫೋಟೋ ನೋಡ್ಕೊಂಡು ಬರೋರೇ. ಈ ಹದಿನೇಳು ಅಂಥೋರಿಗೆ. ಕಣ್ಣಿರೋರಿಗೆ ಅಂತ ಇಪ್ಪತ್ತೊಂದು ಇಟ್ಟಿದ್ದೀನಿ, ಬನ್ನಿ."

ನಾನು ನಿಂತಲ್ಲೇ ಎರಡು ಅಂಗುಲ ಬೆಳೆದೆ. ಗೋಡೆಗೆ ಒರಗಿದ್ದ ಇಪ್ಪತ್ತೊಂದರ ಮೇಲೆ ಅವಳು ಒದ್ದೆ ಬಟ್ಟೆ ಎಳೆದಳು ನೋಡು, ಬಿಸಿಲಿನಲ್ಲಿ ನೀರು ನಡುಗಿದ ಹಾಗೆ ಹಲಗೆಯ ತುಂಬ ಅಲೆ! ನಾನು ಎಡಕ್ಕೆ ಸರಿದರೆ ಅಲೆಯೂ ಸರಿಯುತ್ತದೆ. ಪಕ್ಕದಲ್ಲಿ ನಿನ್ನ ಹದಿನೇಳು ತೊಳೆಯದ ತಟ್ಟೆಯ ಹಾಗೆ ಮಂಕಾಗಿ ನಿಂತಿತ್ತು. ಇಪ್ಪತ್ತೊಂದು ಕೊಡಿ, ಅದು ಬೇಡ ಎಂದುಬಿಟ್ಟೆ. ಸೊಸೆ ಕೇಳಿದ್ದಕ್ಕಿಂತ ಒಂದು ಕೈ ಮೇಲೆ ತಂದ ಮಾವ ಎನಿಸಿಕೊಳ್ಳುವ ಆಸೆ.

ಹಿಂಬದಿ ನೋಡಿದೆಯಾ ಎಂದು ಸಂಜೆ ನೀನು ಫೋನಿನಲ್ಲಿ ಕೇಳಿದೆ. "ನೋಡ್ದೆ ಕಣೇ, ಮುಂದೆ ಹೇಗೋ ಹಿಂದೂ ಹಾಗೇ" ಅಂದೆ. ಸುಳ್ಳು. ಹದಿನೇಳೇ ತಾನೇ ಎಂದು ನೀನು ಕೇಳಿದೆ, ನಾನು "ಮತ್ತಿನ್ನೇನು" ಅಂದೆ. ಅದೂ ಸುಳ್ಳು. ಮೂರಡಿ ಉದ್ದ, ಎರಡೂವರೆ ಅಂಗುಲ ದಪ್ಪದ ಆ ಹಲಗೆಯನ್ನು ನಾನು ತಿರುಗಿಸಲೇ ಇಲ್ಲ. ಯಾಕೆಂದರೆ ಬಸ್ಸಿಗೆ ಹೊತ್ತಾಗಿತ್ತು ಎಂದು ಸದ್ಯಕ್ಕೆ ಇಟ್ಟುಕೋ.

ಗಾಡಿಯವನು ಹಲಗೆಯನ್ನು ನನ್ನ ಕೋಣೆಯಲ್ಲಿ ಬೋರಲು ಮಲಗಿಸಿ ಹೋಗಿದ್ದ. ಭಾನುವಾರ ಬೆಳಿಗ್ಗೆ ಹಲ್ಲುಜ್ಜುತ್ತ ಬಂದವನು ಅದರ ಬೆನ್ನು ನೋಡಿದೆ. ಬೋಳು. ಒದ್ದೆ ಬಟ್ಟೆ ಎಳೆದೆ, ಬೋಳು. ತುದಿಯ ಮೇಣ ಕೆರೆದರೆ ಅಲೆ ಉಗುರಿನಷ್ಟು ಆಳಕ್ಕಿಳಿದು ಅಲ್ಲೇ ಸತ್ತಿದೆ. ನಡುವೆ ಸೀಳಿದರೆ ನಿನ್ನ ಪುಸ್ತಕದ ಎರಡೂ ಪುಟ ಖಾಲಿ! ಬಾಯಿಯ ನೊರೆಯನ್ನು ನುಂಗಿಬಿಟ್ಟೆ ಕಣೇ.

ಭಾನುವಾರ ಗೋದಾಮಿಗೆ ರಜೆ. ಆ ದಿನವನ್ನು ಹೇಗೆ ಕಳೆದೆನೆಂದು ಬರೆಯುವುದಿಲ್ಲ. ಸೋಮವಾರ ಇಪ್ಪತ್ತೊಂದನ್ನು ಗಾಡಿಗೆ ಹಾಕಿಸಿಕೊಂಡು, ಬಾಗಿಲು ತೆರೆಯುವ ಮೊದಲೇ ಹೋಗಿ ನಿಂತೆ. ಹದಿನೇಳು ಇರಲಿಲ್ಲ.

"ನೀವೇ ಬೇಡ ಅಂದ್ರಲ್ಲ ಯಜಮಾನ್ರೇ, ಕಣ್ಣಾರೆ ನೋಡಿ? ಶನಿವಾರ ಸಂಜೆನೇ ಹಿಂದಿನ ಬೀದಿ ಬಡಗಿ ತಗೊಂಡೋದ. ಊಟದ ಮೇಜು ಮಾಡ್ತಾನಂತೆ."

ಗಾಡಿಯವನ ತಲೆಯ ಮೇಲೆ ಇಪ್ಪತ್ತೊಂದನ್ನು ಹೊರಿಸಿಕೊಂಡು ಓಡಿದೆ. ಹೋಗುವಷ್ಟರಲ್ಲಿ ನಿನ್ನ ಹದಿನೇಳು ಬೆಂಚಿನ ಮೇಲೆ ಮಲಗಿತ್ತು, ತುದಿಯಿಂದ ಹದಿಮೂರು ಅಂಗುಲದ ತುಂಡು ಆಗಲೇ ನೆಲಕ್ಕೆ ಬಿದ್ದಿತ್ತು, ಗರಗಸ ಎರಡನೇ ಗೆರೆಯ ಮೇಲಿತ್ತು. ನಾನು ಕೂಗಿದ ಕೂಗಿಗೆ ಬಡಗಿ ಬೆರಳು ಕೊಯ್ದುಕೊಳ್ಳುವುದರಲ್ಲಿದ್ದ.

"ಯಾರ್ರೀ ನೀವು? ಮನೆಗೆ ಬೆಂಕಿ ಬಿತ್ತಾ?"

ಹೆಚ್ಚುಕಡಿಮೆ ಹಾಗೇ ಎಂದೆ. ಆಮೇಲೆ ಎಲ್ಲ ಹೇಳಿದೆ. ನಾನು ತಂದದ್ದಕ್ಕೆ ಮುಖ ಮಾತ್ರ ಇದೆ, ಬೆನ್ನಿಲ್ಲ, ನಿಮ್ಮದಕ್ಕೆ ಎರಡೂ ಇದೆ, ಬದಲಾಯಿಸಿಕೊಳ್ಳಿ ಎಂದೆ. ವ್ಯಾಪಾರದಲ್ಲಿ ನಾನು ನಿಜ ಹೇಳಿದ್ದು ಇದೇ ಮೊದಲು, ನಾಲಿಗೆ ತೊದಲಿತು. ಬಡಗಿ ಬಿದ್ದು ಬಿದ್ದು ನಕ್ಕ.

"ಊಟದ ಮೇಜಿನ ಕೆಳಗೆ ಬಗ್ಗಿ ನೋಡೋರು ಯಾರ್ರೀ? ಮಗು, ಇಲ್ಲ ಬೆಕ್ಕು. ನಂಗೆ ಮುಖ ಒಂದಿದ್ರೆ ಸಾಕು. ತನ್ನಿ ಇಲ್ಲಿ."

ನಾನೇ ಹಲಗೆಯನ್ನು ಒಂದೇ ಏಟಿಗೆ ಮಗುಚಿ ಹಿಂದೆ ಮುಂದೆ ಪರೀಕ್ಷಿಸಿದೆ. ಹದಿನೇಳರ ಅಲೆ ಬೆನ್ನಿಗೂ ಇದೆ. ಕೊಯ್ದ ತುದಿಯಲ್ಲಿ ನೋಡಿದರೆ ಗೆರೆಗಳು ಮೇಲಿನಿಂದ ಕೆಳಗೆ ಸೀದಾ ಇಳಿದಿವೆ. ಹೊಸ ಕೊಯ್ತಕ್ಕೇ ಬಡಗಿಯ ಯಂತ್ರದ ಮುಳ್ಳು ಚುಚ್ಚಿದರೆ ತೇವ ಶೇಕಡಾ ಎಂಟು ತೋರಿಸಿತು. ನೀನು ಕೇಳಿದ್ದೂ ಎಂಟೇ. ನಿನ್ನ ಆಯ್ಕೆ ಸರಿಯಾಗಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ಈ ಸಾಲನ್ನು ನಿನ್ನ ಅಮ್ಮನಿಗೆ ತೋರಿಸಬೇಡ.

ಈಗ ಮುಖ್ಯವಾದ ಮಾತು. ಉಳಿದಿರುವುದು ಇಪ್ಪತ್ತಮೂರು ಅಂಗುಲ. ನಿನಗೆ ಬೇಕಾದದ್ದು ಇಪ್ಪತ್ತೊಂದೂವರೆ. ಆದರೆ ಕೊಯ್ಯದೆ ಉಳಿದ ತುದಿಯಲ್ಲಿ, ಮೇಣದ ಕೆಳಗೆ, ಕೂದಲಿನಂಥ ಒಂದು ಬಿರುಕಿದೆ. ಮೇಲೆ ಒಂದು ಅಂಗುಲ ಕಾಣಿಸುತ್ತದೆ. ಒಳಗೆ ಎಷ್ಟು ಓಡಿದೆಯೋ ಬಡಗಿಗೂ ಗೊತ್ತಾಗಲಿಲ್ಲ. ಒಂದೂವರೆಯೊಳಗೆ ನಿಂತಿದ್ದರೆ ನೀನು ಗೆದ್ದೆ. ಎರಡಕ್ಕೆ ಹೋಗಿದ್ದರೆ ನಾನು ನಿನ್ನ ಹೊಟ್ಟೆಯ ಮೇಲೆ ಹೊಡೆದ ಹಾಗೆ. ಗುರುವಾರದವರೆಗೆ ಕಾಯಬೇಡ, ಅವರೆದುರು ಮೊದಲ ಸಲ ಗೊತ್ತಾಗುವುದು ಬೇಡ. ಬಿರುಕಿನ ಕಡೆಯಿಂದ ಕಾಲಂಗುಲದ ಬಿಲ್ಲೆ ಕೊಯ್ದು ನೋಡು, ಮತ್ತೆ ಕಾಲಂಗುಲ, ಹಾಗೇ ಬಿರುಕು ನಿಲ್ಲುವವರೆಗೆ. ಪ್ರತಿ ಬಿಲ್ಲೆಯನ್ನೂ ಬೆಳಕಿಗೆ ಹಿಡಿ. ಸಾಲದೆ ಹೋದರೆ ಬಂದವರಿಗೆ, ಇದು ನಮ್ಮ ಮಾವನ ಕೆಲಸ ಎಂದು ಹೇಳು. ಬೇಕಾದರೆ ನಾನೇ ಬಂದು ಅವರೆದುರು ನಿಂತು ಬೈಸಿಕೊಳ್ಳುತ್ತೇನೆ. ಬೈಸಿಕೊಳ್ಳುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ.

ಇನ್ನೊಂದು. ಏಪ್ರಿಲಿನಿಂದ ಬಂದುಬಿಡು ಮಾವ, ಗಿಟಾರಿನ ಕತ್ತು ಉಜ್ಜೋ ಕೆಲಸ ನಿಂದೇ ಅಂತ ನೀನು ಅಂದಿದ್ದೆ. ಕಿಟಕಿಯ ಪಕ್ಕ ಒಂದು ಸ್ಟೂಲು ಹಾಕಿಟ್ಟಿದ್ದೀನಿ ಅಂತಲೂ ಅಂದಿದ್ದೆ. ನಾನೇ ಹಿಂದೆಮುಂದೆ ನೋಡುತ್ತಿದ್ದೆ. ಇದನ್ನೆಲ್ಲ ಓದಿದ ಮೇಲೂ ಆ ಸ್ಟೂಲು ಅಲ್ಲೇ ಇದ್ದರೆ ತಿಳಿಸು.

ಎಷ್ಟು ಅಂಗುಲ ಉಳಿಯಿತೆಂದು ಕೇಳಲು ಫೋನಿನ ಪಕ್ಕದಲ್ಲೇ ಕೂತಿರುವ,

ನಿನ್ನ ಬಡಾಯಿ ಮಾವ

ತಾ.ಕ.: ಮುಗಿಸಿ ಮಡಚಲು ಹೊರಟೆ. ಬಡಗಿ ಹುರಿ ಹಿಡಿದು ನಿಂತಿದ್ದಾನೆ, ಕಟ್ಟುವುದಿಲ್ಲ ಅನ್ನುತ್ತಾನೆ. "ಮರದ ಬಿರುಕು ಬರೆದ್ರಿ, ಕೈಯ್ದು ಬರೆದ್ರಾ?" ಎಂದು ಕೇಳುತ್ತಾನೆ. ಹೌದು, ನಾನು ಕೂತಿರುವುದು ಅವನ ಅಂಗಡಿಯಲ್ಲೇ. ಮೇಜು ಕುಂಟುವುದಿಲ್ಲ, ಅವನು ಮಾಡಿದ ಮೇಜು. ಪೆನ್ನೂ ಹಳೆಯದೇ. ಇದು ಎಡಗೈ ಬರಹ. ನಾಲ್ಕು ತಿಂಗಳಿಂದ ನನ್ನ ಬಲಗೈ ಬೆರಳು ಮಡಚುತ್ತಿಲ್ಲ, ಲೋಟ ಹಿಡಿದರೆ ಜಾರುತ್ತದೆ. ಡಾಕ್ಟರ ಬಳಿ ಹೋಗಿಲ್ಲ, ಹೋದರೆ ಅದಕ್ಕೊಂದು ಹೆಸರಿಟ್ಟುಬಿಡುತ್ತಾರೆ. ಗೋದಾಮಿನಲ್ಲಿ ಬಸ್ಸಿಗೆ ಹೊತ್ತಾಗಿರಲಿಲ್ಲ. ಹಲಗೆಯನ್ನು ಹಿಡಿಯಲು ನೋಡಿದೆ, ಆಗಲಿಲ್ಲ. ಅಷ್ಟು ಹೊಗಳಿಸಿಕೊಂಡ ಮೇಲೆ, ಕೊಂಚ ತಿರುಗಿಸಿ ಕೊಡಿ ಎನ್ನಲು ಬಾಯಿ ಬರಲಿಲ್ಲ. ಇಲ್ಲಿ ಅದನ್ನು ಮಗುಚಿದವನೂ ಈ ಬಡಗಿಯೇ. ಕತ್ತು ಉಜ್ಜಲು ಎಡಗೈ ಸಾಕಾಗುತ್ತದೆಯೇ? ಅದಕ್ಕೂ ಉತ್ತರ ಹೇಳು. ಆದರೆ ಮೊದಲು ಬಿರುಕು ನೋಡು.