ಅಮ್ಮನ ಶನಿವಾರಗಳು

ದರ್ಬೆ, ಪುತ್ತೂರು
೮-೧೨-೧೯೫೮

ನರ್ಸ್ ಎಸ್ತೇರ್ ಅವರಿಗೆ ನೆರೆಮನೆಯ ವಸುಮತಿಯ ನಮಸ್ಕಾರಗಳು.

ಎದುರಿಗೆ ಹೇಳಲು ಬಾಯಿ ಬಾರದ್ದರಿಂದ ಬರೆಯುತ್ತಿದ್ದೇನೆ. ಉದಯಣ್ಣ ಹೊಳೆಯಲ್ಲಿ ಮುಳುಗಿ ತೀರಿಕೊಂಡ ಮೇಲೆ, ಮಗನನ್ನು ಕಳೆದುಕೊಂಡ ಅಮ್ಮನಿಗೆ ತಲೆ ಬಾಚಿದವಳು, ಒತ್ತಾಯಿಸಿ ಉಣ್ಣಿಸಿದವಳು ನಾನು. ನನ್ನೆದುರು ಅವರು ಒಮ್ಮೆಯೂ ಅಳಲಿಲ್ಲ. ಶನಿವಾರ ಬಂದರೆ ಮಾತ್ರ ತಾವಾಗಿ ಎದ್ದು, ಸೀರೆ ಬದಲಿಸಿ, ನಿಮ್ಮಲ್ಲಿಗೆ ಹೊರಡುತ್ತಾರೆ. ನಿಮ್ಮ ಯಹೂದಿಗಳ ಧರ್ಮಗ್ರಂಥ ತೋರಾದಲ್ಲಿ ವಾರಕ್ಕೊಂದು ಪಾಲು ಉಂಟಂತೆ, ನೀವು ಅದನ್ನು ಓದಿ ಮಲೆಯಾಳದಲ್ಲಿ ಹೇಳುತ್ತೀರಂತೆ. ಅಮ್ಮನ ತವರು ಕಾಸರಗೋಡು, ಅವರಿಗೆ ಆ ಭಾಷೆ ಸಲೀಸು. ನನಗೆ ಅರೆಬರೆ. ವಾರವಾರವೂ ಹೊಟ್ಟೆ ಉರಿಯುತ್ತಿತ್ತು.

ಮೊನ್ನೆ ಅವರನ್ನು ಎಬ್ಬಿಸಿಕೊಂಡು ಹೋಗಲೆಂದೇ ಬಂದು ನಿಮ್ಮ ಬಾಗಿಲಲ್ಲಿ ನಿಂತೆ. ರಕ್ತ ಹತ್ತಿದ ಮಗನ ಅಂಗಿ ಕಂಡು, ಅವನು ಸತ್ತನೆಂದೇ ನಂಬಿದ ಯಾಕೋಬ ಯಾರ ಸಮಾಧಾನವನ್ನೂ ಒಪ್ಪಲಿಲ್ಲ ಎಂದು ನೀವು ಹೇಳುತ್ತಿದ್ದಿರಿ. ಅಮ್ಮ ನಿಮ್ಮ ಹೆಗಲಿಗೆ ಒರಗಿ ಜೋರಾಗಿ ಅತ್ತರು. "ನಮ್ಮಲ್ಲಿ ಎಲ್ಲರೂ ಅಳ್ಬೇಡಿ ಅಂತ್ಲೇ ಹೇಳುದು," ಎಂದರು. ಹೆಚ್ಚು ಹೇಳುವವಳು ನಾನೇ.

ಹೊರಡುವಾಗ ಗೇಟಿನ ಹತ್ತಿರ, "ಮುಂದೆ ಎಂತ ಆಗ್ತದೆ?" ಎಂದು ನಿಮ್ಮನ್ನು ಕೇಳಿದೆ. ಆ ಮಗ ಬದುಕಿದ್ದಾನೆಂಬ ಸುದ್ದಿ ಇಪ್ಪತ್ತನೆಯ ತಾರೀಕಿನ ಪಾಲಿನಲ್ಲಿ ಅಪ್ಪನಿಗೆ ಮುಟ್ಟುತ್ತದೆ ಎಂದಿರಿ. ಅಮ್ಮನಿಗೆ ಅದಿನ್ನೂ ಗೊತ್ತಿಲ್ಲ.

ಅದನ್ನು ಬಿಟ್ಟು ಓದಿ ಎಂದು ಕೇಳಲಾರೆ. ಆದರೆ ಆ ದಿನ ನಾನೂ ಬರುತ್ತೇನೆ. ದಯವಿಟ್ಟು ನೀವು ಎದುರಿನ ಕುರ್ಚಿಯಲ್ಲಿ ಕುಳಿತು ಓದಿ. ಅಮ್ಮನ ಪಕ್ಕದಲ್ಲಿ ನಾನು ಕೂರುತ್ತೇನೆ.

ಉತ್ತರವನ್ನು ಅಮ್ಮನ ಕೈಯಲ್ಲಿ ಕಳಿಸಬೇಡಿ.

ವಸುಮತಿ