ಚಂಡಿಗೆ ಸಿಗದ ಗೆಣಸು

ತಿರುವನಂತಪುರ
೯ ಫೆಬ್ರವರಿ ೨೦೨೫, ಭಾನುವಾರ

ಪ್ರೀತಿಯ ಪಂಕಜಕ್ಕಾ,

ಮಂಡಿ ಹೇಗಿದೆ? ಆಪರೇಷನ್ನಿನ ಹೊಲಿಗೆ ಬಿಚ್ಚಿದರಂತೆ, ನಿನ್ನನ್ನು ನೋಡಿಕೊಂಡು ಬಂದ ನಿನ್ನ ಮಗಳು ಅಪೂರ್ವಾ ಹೇಳಿದಳು. ಕೊಚ್ಚಿಯ ಕಲೂರಿನ ಆ ಮನೆಯ ಮೆಟ್ಟಿಲು ಹತ್ತುವ ಸಾಹಸ ಈಗಲೇ ಬೇಡ; ನಿನ್ನನ್ನು ನಾನು ಬಲ್ಲೆ. ಫೋನಿನಲ್ಲೇ ಎಲ್ಲ ಹೇಳಬಹುದಿತ್ತು, ಆದರೆ ನಿನ್ನ ಫೋನು ಹೆಚ್ಚು ಹೊತ್ತು ಭಾವನ ಕೈಯಲ್ಲಿ. ಅದಕ್ಕೇ ಈ ಪತ್ರವನ್ನು ಅಪೂರ್ವಾಳ ಚೀಲದಲ್ಲಿಟ್ಟು ಅವಳನ್ನು ಮತ್ತೆ ಕೊಚ್ಚಿಯ ರೈಲು ಹತ್ತಿಸುತ್ತಿದ್ದೇನೆ.

ನಿನ್ನ ನಾಲ್ಕೂ ದನಗಳು ಚೆನ್ನಾಗಿವೆ. ಇನ್ನೊಮ್ಮೆ ಓದು: ನಾಲ್ಕೂ. ನಾನು ಕಾಸರಗೋಡಿನಿಂದ ಬಂದಿಳಿದ ದಿನ “ನಿನಗೆ ಪುಸ್ತಕ ಸಾಕಿ ಗೊತ್ತು, ದನ ಸಾಕಿ ಗೊತ್ತುಂಟಾ ಮಾರಾಯ್ತಿ?” ಎಂದಿದ್ದೆಯಲ್ಲ, ಈಗ ಹೇಳು!

ಹೋದ ಭಾನುವಾರ ಬೆಳಿಗ್ಗೆ ಬೆಳ್ಳಿ ಕತ್ತು ಚಾಚಿ, ಬಾಯಿ ತೆರೆದು ಉಸಿರೆಳೆಯುತ್ತಿದ್ದಳು. ಪ್ರತಿ ಉಸಿರಿಗೂ ಒಂದು ನರಳಿಕೆ. ಮಧ್ಯಾಹ್ನದೊಳಗೆ ಕೆಂಪಿಗೂ ಸೋಮಿಗೂ ಅದೇ. ಜ್ವರವಿಲ್ಲ. ಪಶುವೈದ್ಯ ವಿನ್ಸೆಂಟ್ ಡಾಕ್ಟರು ಚುಚ್ಚುಮದ್ದು ಕೊಟ್ಟು, ರಕ್ತ ತೆಗೆದು ಪ್ರಯೋಗಾಲಯಕ್ಕೆ ಕಳಿಸಿದರು. ಅಲ್ಲಿಯೂ ಏನೂ ಸಿಗಲಿಲ್ಲ. “ಚೇಚಿ, ನನಗೆ ಇದು ಅರ್ಥವೇ ಆಗ್ತಿಲ್ಲ” ಎಂದು ಅಕ್ಕನ ಮುಂದೆ ತಮ್ಮ ಒಪ್ಪಿಕೊಳ್ಳುವಂತೆ ಒಪ್ಪಿಕೊಂಡುಬಿಟ್ಟರು, ಪಾಪ. ಬೆಳಿಗ್ಗೆ ಸಂಜೆ ಪಕ್ಕೆಯ ಮೇಲೆ ಕೈಯಿಟ್ಟು ಉಸಿರು ಎಣಿಸಲು ಹೇಳಿದರು. ನಿಮಿಷಕ್ಕೆ ಮೂವತ್ತರ ಒಳಗಿರಬೇಕಾದದ್ದು ಬೆಳ್ಳಿಗೆ ಎಪ್ಪತ್ತೆರಡು. ಒಂದು ಉಸಿರಿಗೂ ಇನ್ನೊಂದಕ್ಕೂ ನಡುವಿನ ಬಿಡುವೇ ಅಳಿಸಿಹೋಗಿತ್ತು ಅಕ್ಕ. ಅಂಟುರೋಗವೆಂದು ಭಾವ ಹೆದರಿದ್ದು ತಪ್ಪಲ್ಲ. ಫೋನಿನಲ್ಲಿ “ಶನಿವಾರ ದನದ ವ್ಯಾಪಾರಿಯ ಲಾರಿ ಬರ್ತದೆ. ಸಾಯುವ ಮೊದಲು ನಾಲ್ಕನ್ನೂ ಕೊಟ್ಟುಬಿಡು, ಪಂಕಜ ಒಪ್ಪಿದ್ದಾಳೆ” ಎಂದರು. ನೀನು ಅಳುತ್ತ ಒಪ್ಪಿದ್ದೆಂದು ಅಪೂರ್ವಾ ಆಮೇಲೆ ಹೇಳಿದಳು.

ಮಂಗಳವಾರ ಡಾಕ್ಟರು ಮತ್ತೆ ಬಂದಾಗ ಕೇಳಿದೆ: ಒಂದೇ ಕೊಟ್ಟಿಗೆ, ಒಂದೇ ಗಾಳಿ, ಚಂಡಿಗೆ ಮಾತ್ರ ಯಾಕೆ ಬರಲಿಲ್ಲ? “ಅವಳನ್ನು ಕಂಡು ರೋಗವೇ ಹೆದರಿರಬೇಕು ಚೇಚಿ” ಎಂದು ನಕ್ಕರು. ನನಗೆ ನಗು ಬರಲಿಲ್ಲ, ಏಕೆಂದರೆ ಚಂಡಿಗೆ ನಾನೇ ಶಿಕ್ಷೆ ಕೊಟ್ಟಿದ್ದೆ. ರೋಗ ಕಾಣುವ ಎರಡು ದಿನ ಮೊದಲು, ಶುಕ್ರವಾರ, ಹಾಲಿನ ಪಾತ್ರೆ ಒದ್ದಳೆಂದು ಅವಳನ್ನು ಬಿಟ್ಟು ಉಳಿದ ಮೂವರಿಗೆ ಸಿಹಿಗೆಣಸು ಹಾಕಿದ್ದೆ. ಪಕ್ಕದ ಮನೆಯ ದಾಕ್ಷಾಯಣಿ ಚೇಚಿ ಚಾಲೈ ಮಾರುಕಟ್ಟೆಯಲ್ಲಿರುವ ಗಂಡನ ಅಂಗಡಿಯಿಂದ ಗೋಗ್ರಾಸಕ್ಕೆಂದು ತರಿಸಿದ್ದ ಮೂಟೆ ಅದು. ಒಳ್ಳೆಯ ಭಾಗ ನಾನು ಬೇಯಿಸಿ ತಿಂದೆ, ಕಪ್ಪು ಹಿಡಿದದ್ದನ್ನು ಕತ್ತರಿಸಿ ಅವುಗಳಿಗೆ ಕೊಟ್ಟೆ. ನಮ್ಮ ಮನೆಯಲ್ಲಿ ಅಮ್ಮನೂ ಹಾಗೇ ಅಲ್ಲವೇ ಮಾಡುತ್ತಿದ್ದದ್ದು, ಮನುಷ್ಯರಿಗಾಗದ್ದು ದನಕ್ಕಾದೀತು ಎಂದು? ಮೂಟೆ ತೋರಿಸಿದೆ. ಡಾಕ್ಟರು ಒಂದನ್ನು ಸೀಳಿ ಮೂಸಿ, ಹಣೆ ಚಚ್ಚಿಕೊಂಡರು. ಬೂಷ್ಟು ಹಿಡಿದ ಗೆಣಸಿನಲ್ಲಿ ಒಂದು ವಿಷ ಹುಟ್ಟುತ್ತದಂತೆ, ನೇರ ಶ್ವಾಸಕೋಶಕ್ಕೇ ಬಡಿಯುತ್ತದಂತೆ, ಬೇಯಿಸಿದರೂ ಹೋಗುವುದಿಲ್ಲವಂತೆ. ಆ ಹೊತ್ತಿಗೆ ಒಳಗೆ ಒಲೆಯ ಮೇಲೆ ಏನಿತ್ತು ಗೊತ್ತೇ? ಮೇವು ಬಿಟ್ಟಿದ್ದ ಬೆಳ್ಳಿಯ ಬಾಯಿಗೆ ರುಚಿಯಾಗಲೆಂದು ಉಳಿದ ಕಪ್ಪು ಗೆಣಸನ್ನೆಲ್ಲ ಬೇಯಲು ಇಟ್ಟಿದ್ದೆ. ಓಡಿಹೋಗಿ ಪಾತ್ರೆ ಇಳಿಸಿ, ಮೂಟೆಯ ಜೊತೆ ಅದನ್ನೂ ಆಳದ ಗುಂಡಿಗೆ ಸುರಿದು ಮಣ್ಣು ಮುಚ್ಚಿದೆ. ದಾಕ್ಷಾಯಣಿ ಚೇಚಿ ಅತ್ತದ್ದು ಅಷ್ಟಿಷ್ಟಲ್ಲ. ಈಗ ಹಸಿ ಹುಲ್ಲನ್ನೇ ಕೊಂಡು ತರುತ್ತಾರೆ.

ಈ ವಿಷಕ್ಕೆ ಪ್ರತಿಮದ್ದಿಲ್ಲ; ನೆರಳು, ವಿಶ್ರಾಂತಿ, ಎದೆಯ ನೀರಿಳಿಸುವ ಚುಚ್ಚುಮದ್ದು ಅಷ್ಟೇ. ಬುಧವಾರ ಬೆಳ್ಳಿಯ ಉಸಿರು ಐವತ್ತೆಂಟು. ಗುರುವಾರ ನಲವತ್ತು. ಶುಕ್ರವಾರ ಸಂಜೆ ಇಪ್ಪತ್ತೆಂಟು ಎಣಿಸಿ, ನಂಬದೆ ಮತ್ತೆ ಎಣಿಸುತ್ತಿದ್ದಾಗ ಬೆಳ್ಳಿ ಮೆಲುಕು ಹಾಕಲು ಶುರುಮಾಡಿದಳು. ಜೋರಾಗಿ ಕೂಗಿಬಿಟ್ಟೆ!

ನಿನ್ನೆ ಒಂಬತ್ತಕ್ಕೆ ಲಾರಿ ಬಂತು. ವ್ಯಾಪಾರಿ ಕೊಟ್ಟಿಗೆಗೆ ಇಣುಕಿ, “ಇವಕ್ಕೆ ರೋಗ ಅಂದಿದ್ರಲ್ಲ?” ಎಂದ. “ಇತ್ತು, ಹೋಯಿತು. ನೀವೂ ಹೋಗಿ” ಎಂದೆ. ಖಾಲಿ ಲಾರಿ ಗಲ್ಲಿಯಲ್ಲಿ ಹಿಂದಕ್ಕೆ ಹೋಗುವ ಸದ್ದು ಇಷ್ಟು ಇಂಪಾಗಿರುತ್ತದೆಂದು ಯಾರೂ ಬರೆದಿಲ್ಲ.

ಭಾವನಿಗೆ ನಮಸ್ಕಾರ. ನೀನು ನಿನ್ನ ಕಾಲ ಮೇಲೆ ನಡೆದುಕೊಂಡೇ ಈ ಅಂಗಳಕ್ಕೆ ಬರುವಂತಾಗಲಿ.

ನಿನ್ನ ತಂಗಿ,
ಪ್ರೇಮ

ತಾ.ಕ.: ಅಪೂರ್ವಾ ಬಾಗಿಲಲ್ಲಿ ನಿಂತು ಮಲಯಾಳದಲ್ಲಿ ಅವಸರಪಡಿಸುತ್ತಿದ್ದಾಳೆ. ವ್ಯಾಪಾರಿ ಸುಲಭಕ್ಕೆ ಹೊರಡಲಿಲ್ಲ. “ಪಂಕಜಕ್ಕ ಬೆಳಿಗ್ಗೆಯಷ್ಟೇ ಫೋನು ಮಾಡಿ, ಒಂದನ್ನೂ ಮಾರುವುದಿಲ್ಲ ಎಂದಿದ್ದಾಳೆ” ಎಂದು ಅವನಿಗೂ ಹೇಳಿದೆ, ಆಮೇಲೆ ಭಾವನಿಗೂ ಹೇಳಿದೆ. ಹಾಗೆ ಫೋನು ಮಾಡಿದ್ದೆಯಾ ಎಂದು ಅವರು ಇನ್ನೂ ನಿನ್ನನ್ನು ಕೇಳಿಲ್ಲವಾದರೆ ಇವತ್ತು ಕೇಳುತ್ತಾರೆ. ಹೌದು ಎನ್ನು, ಅಕ್ಕ. ಗಟ್ಟಿಯಾಗಿ ಎನ್ನು.