ಗುರುವಾರದ ಮೌನವ್ರತ

ಸದಾಶಿವ ಪೇಠ, ಪುಣೆ
೧೨ ಅಕ್ಟೋಬರ್ ೨೦೨೫, ರವಿವಾರ

ಪ್ರೀತಿಯ ನೀಲೂ,

ಹೈದರಾಬಾದಿನಲ್ಲಿ ಆರಾಮಿದ್ದೀಯಾ? ಆಫೀಸಿನ ಎ.ಸಿ.ಗೆ ಹಿಡಿದ ನೆಗಡಿ ಬಿಟ್ಟಿತೇ? ನಿನ್ನಮ್ಮನ ಮೊಣಕಾಲು ಮೆಟ್ಟಿಲು ಹತ್ತುವಾಗ ಕಟಕಟ ಮಾತಾಡುತ್ತದೆ. ಈ ಮನೆಯಲ್ಲಿ ಅದಕ್ಕಾದರೂ ಮಾತಾಡಲು ಪರವಾನಗಿ ಇದೆ. ಫೋನ್ ಬಿಟ್ಟು ಪತ್ರವೇಕೆ ಎನ್ನಬೇಡ. ಮೂರು ತಿಂಗಳಿಂದ ಫೋನೆಂದರೆ ಮರಾಠಿ ಪಾಠ. ನಾನು ಎರಡು ಮಾತಾಡಿದರೆ ನೀನು ಮೂರು ತಿದ್ದುತ್ತೀ. ಬರೆದ ಅಕ್ಷರಕ್ಕೆ ಉಚ್ಚಾರದ ಕಾಟವಿಲ್ಲ.

ಮಿಥುನನ ಜೊತೆ ಮದುವೆಯ ಮಾತು ಬಂದಾಗ ನೀನೇ ಅಲ್ಲವೇ, ‘ಅಪ್ಪಾ, ನಿಮ್ಮ ಮರಾಠಿಯೊಳಗ ಧಾರವಾಡ ಭಾಳ ಕೇಳಸ್ತದ’ ಎಂದದ್ದು? ಮೂವತ್ತು ವರ್ಷ ಇದೇ ಪೇಠೆಯ ಕ್ಲಾಸಿನಲ್ಲಿ ಹುಡುಗರಿಗೆ ಇಂಗ್ಲಿಷ್ ಉಚ್ಚಾರ ಕಲಿಸಿದವನು ನಿನ್ನ ಮುಂದೆ ವಿದ್ಯಾರ್ಥಿಯಾಗಿ ಕೂತೆ. ಮರಾಠಿಯವರ ‘ಚ’ ಎಷ್ಟೋ ಕಡೆ ನಮ್ಮ ‘ಚ’ ಅಲ್ಲ, ‘ತ್ಸ’ ಎಂಬಂತೆ ಹಲ್ಲಿನ ಸಂದಿಯಿಂದ ಬರಬೇಕು. ನಾಲಿಗೆಯ ತುದಿ ಹಲ್ಲಿನ ಹಿಂದೆ, ಅಂಗೈ ಬಾಯಿಯ ಮುಂದೆ, ಗಾಳಿ ತಾಗಬೇಕು. ನನ್ನದೇ ವಿದ್ಯೆ ನನಗೇ ತಿರುಗಿ ಬಂತು. ಹಲ್ಲು ಹಲ್ಲು ಎಂದು ಕನ್ನಡಿಯ ಮುಂದೆ ಲೊಚಗುಟ್ಟಿ ಹಲ್ಲಿಯೇ ಆದೆ. ನಿನ್ನಮ್ಮ ಒಳಗಿನಿಂದ, ‘ಯಾವ ದಿಕ್ಕಿಗೆ ನುಡೀತ್ರಿ?’ ಎಂದು ಶಕುನ ಕೇಳಿದಳು. ಎಲ್ಲ ಒಂದು ವಾಕ್ಯಕ್ಕಾಗಿ: ‘ಹೇ ಆಮ್ಚಂ ಘರ್ ತುಮ್ಚಂಚ್ ಸಮಜಾ.’ ಈ ನಮ್ಮ ಮನೆ ನಿಮ್ಮದೇ ಎಂದು ತಿಳಿಯಿರಿ. ಬೀಗರು ಮೊದಲ ಸಲ ಮನೆಗೆ ಬಂದಾಗ ಹೆಣ್ಣಿನ ತಂದೆ ಬಾಗಿಲಲ್ಲಿ ಹೇಳಬೇಕಾದ ಮಾತು. ದಸರೆಯ ಹಿಂದಿನ ಸಂಜೆ ಊರಿಗೆ ಬಂದವಳೇ ಹನ್ನೊಂದು ಸಲ ಹೇಳಿಸಿದೆ. ‘ಈಗ ಬಂತ್ ನೋಡ್ರಿ, ಅಪ್ಪಾ’ ಎಂದೆ. ಆ ರಾತ್ರಿ ನಾನು ಹೋಳಿಗೆ ಒಂದು ಹೆಚ್ಚೇ ತಿಂದೆ.

ಮರುದಿನ ಗುರುವಾರ. ಬನ್ನಿ ಕೊಡಲು ಬೀಗರು ಬಂದರು. ನಾಲಿಗೆಯನ್ನು ಹಲ್ಲಿನ ಹಿಂದೆ ನಿಲ್ಲಿಸಿಕೊಂಡು ಬಾಗಿಲಲ್ಲಿ ನಾನು ಸಿದ್ಧ. ‘ಹೇ’ ಎನ್ನುವಷ್ಟರಲ್ಲಿ ಮಿಥುನನ ತಂದೆ ಮಧುಕರರಾಯರು ಎರಡೂ ಕೈ ಎತ್ತಿ, ‘ಬೋಲೂ ನಕಾ, ಬೋಲೂ ನಕಾ!’ ಎಂದು ಮಾತೇ ಆಡದಂತೆ ತಡೆದರು. ಗುರುವಾರ ನನಗೆ ಮೌನವ್ರತವಂತೆ, ನೀನು ಹೇಳಿದ್ದೀಯಂತೆ, ತಮ್ಮಿಂದ ಅದು ಮುರಿಯಬಾರದಂತೆ. ಬಣ್ಣದ ಕಾಗದ ಸುತ್ತಿದ ಒಂದು ಹೊಸ ವಹಿ ಮತ್ತು ಪೆನ್ನನ್ನು ನನ್ನ ಕೈಗಿಟ್ಟು ನಮಸ್ಕರಿಸಿದರು. ನಿನ್ನ ಕಡೆ ನೋಡಿದೆ. ನೀನು ಫರಾಳದ ತಿಂಡಿಯ ತಾಟು ನೋಡುತ್ತಿದ್ದೆ. ಎರಡು ತಾಸು ನಾನು, ಚಹಾ ತೆಗೆದುಕೊಳ್ಳಿ ಎಂಬುದನ್ನೂ ಬರೆದು ತೋರಿಸಿದೆ. ಅವರು ಹೋದ ಮೇಲೆ ನಿನ್ನಮ್ಮ, ‘ಏನ್ರಿ, ಈ ವ್ರತಾ ಯಾವಾಗ ಹಿಡದ್ರಿ? ಇಷ್ಟ್ ವರ್ಷದಾಗ ನನ್ನ ಪಾಲಿಗೆ ಅಂಥಾ ಒಂದ್ ಗುರುವಾರನೂ ಬರಲಿಲ್ಲಲ್ರಿ!’ ಎಂದಳು. ನಾನೂ ನಕ್ಕೆ.

ಈ ಪತ್ರ ಬರೆದಿರುವುದು ಅದೇ ವಹಿಯ ಹಾಳೆ ಹರಿದು. ಅಂಗಡಿಯಲ್ಲಿ ಸುತ್ತಿಸಿ ತಂದ ವಹಿ, ನೀಲೂ. ಎಂದರೆ ನೀನು ಮೊದಲೇ ಹೇಳಿದ್ದೆ. ಹನ್ನೊಂದು ಸಲ ಹೇಳಿಸಿದ ಆ ಸಂಜೆಗೇ ನಾನು ಹೇಳಕೂಡದೆಂಬ ಏರ್ಪಾಡು ಆಗಿತ್ತು. ನಿಮಗೆ ಬರಲಿಲ್ಲ ಎಂದು ನೀನು ನೇರ ಹೇಳಿದ್ದರೆ ಇನ್ನೊಂದು ವಾರ ಲೊಚಗುಟ್ಟುತ್ತಿದ್ದೆ. ನನ್ನ ಕ್ಲಾಸಿನಲ್ಲಿ ಬೆಳಗಾವಿಯ ಹುಡುಗರು ಮೊಟ್ಟೆಯ ಎಗ್ಗಿಗೆ ‘ಯೆಗ್ಗು’ ಎಂದರು, ಎಗ್ಗಿಲ್ಲದೆ ಎಂದರು. ತಿದ್ದಿದೆ, ಚೇಷ್ಟೆಯೂ ಮಾಡಿದೆ. ಆದರೆ ಪರೀಕ್ಷೆಯ ದಿನ ಯಾರಿಗೂ ಬಾಯಿ ಮುಚ್ಚಿಕೊಂಡಿರು ಎನ್ನಲಿಲ್ಲ. ನಿನ್ನ ಮಾತು ಅವರೆದುರು ಸುಳ್ಳಾಗದಿರಲೆಂದು ತುಟಿ ಬಿಚ್ಚಲಿಲ್ಲ ನಾನು. ವ್ರತಕ್ಕಾದರೆ ಪುಣ್ಯವಾದರೂ ಬರುತ್ತಿತ್ತು.

ಹೊತ್ತಿಗೆ ಸರಿಯಾಗಿ ಉಣ್ಣು. ಚಕ್ಕುಲಿ ಕಳಿಸಿದ್ದೇವೆ, ಅದರ ‘ಚ’ ನಮ್ಮದೇ, ಹೆದರದೆ ತಿನ್ನು. ಸಿಟ್ಟಿದ್ದರೂ ಆಶೀರ್ವಾದಕ್ಕೆ ಕಡಿಮೆ ಮಾಡಿಲ್ಲ.

ನಿನ್ನ ಅಪ್ಪ,
ಪ್ರಲ್ಹಾದ

ತಾ.ಕ.: ಲಕೋಟೆ ಅಂಟಿಸುವಾಗ ಮಧುಕರರಾಯರ ಫೋನ್ ಬಂತು. ಡಿಸೆಂಬರ್ ನಾಲ್ಕರ ಮುಹೂರ್ತವೂ ಗುರುವಾರವೇ ಬಿದ್ದಿದೆ, ಮಗಳ ಮದುವೆಯ ದಿನ ತಂದೆ ಮಾತಿಲ್ಲದೆ ಇರುವುದು ಬೇಡ, ಬೇರೆ ದಿನ ನೋಡಲು ಗುರೂಜಿಗೆ ಹೇಳಲೇ ಎಂದು ಕೇಳಿದರು. ನನಗೆ ಯಾವ ವ್ರತವೂ ಇಲ್ಲ ಎಂದುಬಿಟ್ಟೆ, ನನ್ನದೇ ಮರಾಠಿಯಲ್ಲಿ, ಧಾರವಾಡದ ಒಂದು ‘ಚ’ ಕೂಡ ಬಿಡದೆ. ಪೂರಾ ತಿಳಿಯಿತು ಅವರಿಗೆ. ಹಾಗಾದರೆ ನೀಲಿಮಾ ಯಾಕೆ ಹಾಗೆ ಹೇಳಿದಳು ಎಂದು ಕೇಳಿದರು. ಅದೊಂದಕ್ಕೆ ಮಾತ್ರ ಸುಮ್ಮನಾದೆ. ಬರುವ ರವಿವಾರ ನಿನಗೆ ಫೋನ್ ಮಾಡುತ್ತಾರೆ. ಉತ್ತರ ನೀನೇ ಹೇಳಬೇಕು.